ಹೂಳು ತೆಗೆಯದೆ ನೀರು ಬಿಟ್ಟರೆ? ಆಕ್ಸಿಜನ್ ಚೇಂಬರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ, ಅಂದರೆ ಮುಚ್ಚಿದ ಚೇಂಬರಿನಲ್ಲಿ ಒತ್ತಡ ಹೆಚ್ಚಿಸಿ ಆಕ್ಸಿಜನ್ ಉಸಿರಾಡಿಸುವ ಚಿಕಿತ್ಸೆ. ಜನರ ಬಾಯಲ್ಲಿ ಅದು ಬರೀ 'ಆಕ್ಸಿಜನ್ ಚೇಂಬರ್'. ಯಾರೋ ಪುಣೆಗೆ ಹೋಗಿ ಬಂದವರು ಹೇಳಿದ್ದಾರೆ, ಇನ್ಯಾರೋ ಮೊಬೈಲಿನಲ್ಲಿ ರೀಲ್ ನೋಡಿದ್ದಾರೆ. ನಾನು ಬೆಳಗಾವಿಯಲ್ಲಿ ವರ್ಷಗಟ್ಟಲೆ ಶುಗರ್ ರೋಗಿಗಳ ಕಾಲಿನ ಗಾಯ ತೊಳೆಯುತ್ತಾ ಕೂತವನು. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಮಾತು ಜಾಸ್ತಿ. ಸಹಿಸಿಕೊಳ್ಳಿ.

ಡಾಕ್ಟರ್ ಸರ್, ನಮ್ಮ ಮಾವನವರಿಗೆ 62 ವರ್ಷ, ಹನ್ನೆರಡು ವರ್ಷದಿಂದ ಶುಗರ್ ಇದೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋದರು, ಬೇಡ ಅಂದರೂ ಕೇಳಲಿಲ್ಲ. ಅಂಗಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಹುಣ್ಣಾಗಿದೆ. ನೋವೇ ಗೊತ್ತಾಗಲಿಲ್ಲವಂತೆ. ಎರಡು ತಿಂಗಳಾದರೂ ಮಾಯುತ್ತಿಲ್ಲ. ಒಂದು ಕಡೆ 30 ಸಿಟ್ಟಿಂಗ್ ಆಕ್ಸಿಜನ್ ಚೇಂಬರ್ ಆಗಬೇಕು, ದುಡ್ಡು ಮುಂಗಡ ಕಟ್ಟಿ ಅಂದಿದ್ದಾರೆ. ಎಮ್ಮೆ ಮಾರಿ ಕಟ್ಟೋಣ ಅಂತಾರೆ ನಮ್ಮ ಯಜಮಾನರು. ಕಟ್ಟಬಹುದಾ?
– ಓದುಗರೊಬ್ಬರು, ಮುಧೋಳ

ಎಮ್ಮೆ ಸದ್ಯಕ್ಕೆ ಕೊಟ್ಟಿಗೆಯಲ್ಲೇ ಇರಲಿ ತಾಯಿ. ಮೊದಲು ಒಂದು ಮಾತು ಹೇಳಿ. ಚೇಂಬರ್ ಅಂತ ಬರೆದುಕೊಟ್ಟವರು ನಿಮ್ಮ ಮಾವನವರ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರಾ? ಕಾಲಿನ ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್, ಮಾಡಿಸಿದರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನೀವು ಘಟಪ್ರಭಾ ಕಾಲುವೆಯ ಕಡೆಯವರು, ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಿಡಕಲ್ ಡ್ಯಾಮಿನಿಂದ ಎಷ್ಟೇ ನೀರು ಬಿಟ್ಟರೂ ನಡುವೆ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಹೊಲಕ್ಕೆ ಹನಿಯೂ ಬರುವುದಿಲ್ಲ. ಕಾಲಿನ ರಕ್ತನಾಳ ಆ ಕಾಲುವೆ. ಅಂಗಾಲು ಕೊನೆಯ ಹೊಲ. ಚೇಂಬರ್ ಮಾಡುವುದು ಡ್ಯಾಮಿನ ಕೆಲಸ, ರಕ್ತದಲ್ಲಿ ಆಕ್ಸಿಜನ್ ಹೆಚ್ಚಿಸುವುದು, ಅಷ್ಟೇ. ನಾಳ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆರೆಯಬೇಕು. ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ, ಅದು ರಕ್ತನಾಳದ ಸರ್ಜನ್ ನೋಡಿ ಹೇಳುವ ಮಾತು.

ಆಕ್ಸಿಜನ್ ಹೇಗೆ ಹೆಚ್ಚುತ್ತದೆ ಅಂತಲೂ ಹೇಳಿಬಿಡುತ್ತೇನೆ. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಕ್ಸಿಜನ್ ಹೊರುವ ಬಸ್ಸು. ಆರೋಗ್ಯವಂತರಲ್ಲಿ ಅದರ ಸೀಟು ಯಾವಾಗಲೂ ನೂರಕ್ಕೆ 97ರಷ್ಟು ತುಂಬಿಯೇ ಇರುತ್ತದೆ, ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ದಿನ ಹೋಗುವ ಬಸ್ಸಿನ ಹಾಗೆ. ಅದರೊಳಗೆ ಇನ್ನೂ ಜನ ಹತ್ತಿಸಲು ಆಗುವುದಿಲ್ಲ. ಆದರೆ ಒತ್ತಡ ಹೆಚ್ಚಿಸಿದರೆ ಆಕ್ಸಿಜನ್ ನೇರವಾಗಿ ರಕ್ತದ ನೀರಿನಲ್ಲೇ ಕರಗುತ್ತದೆ, ಗೋಲಿ ಸೋಡಾದಲ್ಲಿ ಗ್ಯಾಸ್ ಕರಗಿ ಕೂತಂತೆ. ಹೊರಗಿನ ಗಾಳಿಯಲ್ಲಿ ಉಸಿರಾಡುವಾಗ 100 ಮಿಲಿ ರಕ್ತದಲ್ಲಿ ಹೀಗೆ ಕರಗಿರುವ ಆಕ್ಸಿಜನ್ ಬರೀ 0.3 ಮಿಲಿ. ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಎಳೆದುಕೊಂಡರೆ ಅದೇ 6 ಮಿಲಿಯ ಹತ್ತಿರ ಹೋಗುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೂರೆಮಾ ಎಂಬ ಸರ್ಜನ್, ರಕ್ತದ ಕೆಂಪು ಕಣ ಹೆಚ್ಚುಕಡಿಮೆ ಪೂರ್ತಿ ತೆಗೆದ ಹಂದಿಗಳನ್ನು ಇಂಥ ಚೇಂಬರಿನಲ್ಲಿ ಬದುಕಿಸಿ ತೋರಿಸಿದ್ದ. ಅಂದರೆ ಚೇಂಬರ್ ಮೋಸವಲ್ಲ. ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಅದನ್ನು ಯಾರ ಮೇಲೆ, ಯಾವಾಗ ಪ್ರಯೋಗಿಸುತ್ತಾರೆ ಅನ್ನುವುದರಲ್ಲೇ ತಕರಾರು.

ಶುಗರ್ ಹುಣ್ಣಿನಲ್ಲಿ ಫಲ ಎಷ್ಟು? ಇಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. 2010ರಲ್ಲಿ ಸ್ವೀಡನ್ನಿನಲ್ಲಿ 94 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಚೇಂಬರಿನಲ್ಲಿ ಆಕ್ಸಿಜನ್, ಇನ್ನೊಂದಕ್ಕೆ ಅದೇ ಚೇಂಬರಿನಲ್ಲಿ ಬರೀ ಗಾಳಿ. ವರ್ಷದ ಕೊನೆಗೆ ಆಕ್ಸಿಜನ್ ಗುಂಪಿನಲ್ಲಿ ನೂರಕ್ಕೆ 52 ಜನರ ಗಾಯ ಮಾಯ್ದಿತ್ತು, ಗಾಳಿ ಗುಂಪಿನಲ್ಲಿ 29. ಒಳ್ಳೆಯದೇ ಅಲ್ವಾ? ಆದರೆ 2018ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ, ಕಾಲಿನ ರಕ್ತ ಸಂಚಾರ ಕಡಿಮೆ ಇದ್ದ 120 ಶುಗರ್ ರೋಗಿಗಳಲ್ಲಿ ನೋಡಿದಾಗ ಖಚಿತ ಲಾಭ ಕಾಣಲಿಲ್ಲ. ಅಲ್ಲಿ ಚೇಂಬರಿಗೆ ಆಯ್ಕೆಯಾದ ಮೂವರಲ್ಲಿ ಒಬ್ಬರು ಕೋರ್ಸನ್ನು ಪೂರ್ತಿ ಮಾಡಲೇ ಇಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಎರಡು ತಾಸು, ಆರು ವಾರ ಅಂದರೆ ಸುಮ್ನೆ ಮಾತಲ್ಲ. ನೀವು ಮುಧೋಳದಿಂದ ದಿನಾ ಎಲ್ಲಿಗೆ ಓಡಾಡುತ್ತೀರಿ, ಅದನ್ನೂ ಲೆಕ್ಕ ಹಾಕಿ.

ನಾನು ಅನುಸರಿಸುವ ದಾರಿ ಹೀಗಿದೆ. ಸತ್ತ ಚರ್ಮ, ಕೀವು ಕೊರೆದು ತೆಗೆಸಿ. ಎಕ್ಸ್‌ರೇ ಮಾಡಿಸಿ ಮೂಳೆಗೆ ಸೋಂಕು ಇಳಿದಿದೆಯಾ ನೋಡಿಸಿ. ಕೈಯ ಬಿಪಿಗೂ ಕಾಲಿನ ಬಿಪಿಗೂ ಹೋಲಿಸುವ ಎಬಿಐ ಪರೀಕ್ಷೆ, ಜೊತೆಗೆ ಡಾಪ್ಲರ್. ಶುಗರ್ ಹಿಡಿತಕ್ಕೆ ತನ್ನಿ. ಎಲ್ಲಕ್ಕಿಂತ ಮುಖ್ಯ, ಆ ಅಂಗಾಲಿನ ಮೇಲೆ ಭಾರ ಬೀಳಬಾರದು. ವಿಶೇಷ ಪ್ಲಾಸ್ಟರೋ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿಯೋ, ಯಾವುದು ಸರಿ ಅಂತ ಗಾಯ ನೋಡಿದವರು ಹೇಳುತ್ತಾರೆ. ಗಾಯಕ್ಕೆ ಬೆಳಿಗ್ಗೆ ಚೆಂದಾಗಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಸಂಜೆ ಅದೇ ಕಾಲೂರಿ ಹೊಲಕ್ಕೆ ಹೋಗುವ ಯಜಮಾನರನ್ನು ನಾನು ಎಷ್ಟು ನೋಡಿಲ್ಲ! ಅವರಿಗೆ ಯಾವ ಚೇಂಬರೂ ಕೆಲಸ ಮಾಡುವುದಿಲ್ಲ. ಇಷ್ಟನ್ನೂ 30 ದಿನ ನೆಟ್ಟಗೆ ಮಾಡಿ, ಆಮೇಲೂ ಗಾಯ ಜಗ್ಗದಿದ್ದರೆ, ಅದೂ ಮೂಳೆಯವರೆಗೆ ಇಳಿದ ಆಳದ ಗಾಯವಾಗಿದ್ದರೆ, ಆಗ ಚೇಂಬರ್ ಮಾತಾಡಬಹುದು. ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ ದುಡ್ಡು ಕೊಡುವುದೂ ಹೆಚ್ಚುಕಡಿಮೆ ಇದೇ ಅಳತೆಯ ಮೇಲೆ.

ಆಗಲೂ 30ಕ್ಕೂ ಮುಂಗಡ ಕಟ್ಟಬೇಡಿ. ಹದಿನೈದು ಸಿಟ್ಟಿಂಗ್ ಹೊತ್ತಿಗೆ ಗಾಯವನ್ನು ಅಳೆದು, ಫೋಟೋ ತೆಗೆದು, ಮೊದಲಿನದರ ಜೊತೆ ಇಟ್ಟು ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡುವ ಕಡೆ ಚಿಕಿತ್ಸೆ ಬೇಡ.

ಕೋವಿಡ್ ಕಾಲದಲ್ಲಿ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲಿ ಧೂಳು ತಿನ್ನುತ್ತಿದೆ. ಅದನ್ನೇ ದಿನಾ ಎರಡು ತಾಸು ಹಚ್ಚಿಕೊಂಡರೆ ಗಾಯ ಮಾಯುವುದಿಲ್ಲವೇ?
– ಓದುಗರೊಬ್ಬರು, ಗೋಕಾಕ

ಇಲ್ಲ. ಒತ್ತಡ ಇಲ್ಲದ ಆಕ್ಸಿಜನ್ ಆ ತುಂಬಿದ ಬಸ್ಸಿಗೆ ಇನ್ನೊಬ್ಬರನ್ನು ಹತ್ತಿಸಲು ನೋಡಿದಂತೆ. ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೈಪು ಬಿಡುವವರೂ ಇದ್ದಾರೆ. ಅದು ಹೈಪರ್‌ಬೇರಿಕ್ ಅಲ್ಲ, ಇಡೀ ಮೈ ಒತ್ತಡದಲ್ಲಿದ್ದು ಮೂಗು ಬಾಯಿಯಿಂದ ಆಕ್ಸಿಜನ್ ಎಳೆದುಕೊಂಡರೆ ಮಾತ್ರ ಹೈಪರ್‌ಬೇರಿಕ್.

ನಾನು ಗೋಳಗುಮ್ಮಟದ ಹತ್ತಿರ ಅಂಗಡಿ ಇಟ್ಟವನು. ಮೊನ್ನೆ ಬೆಳಿಗ್ಗೆ ಏಳುವಾಗ ಎಡಗಿವಿ ಬಂದ್. ಗುಂಯ್ ಅನ್ನುವ ಸದ್ದು ಬೇರೆ. ಏಳು ಸಲ ಪ್ರತಿಧ್ವನಿ ಕೇಳುವ ಊರಿನಲ್ಲಿ ನನಗೆ ಒಂದು ಸಲವೂ ಕೇಳುತ್ತಿಲ್ಲ. ನೆಗಡಿ ಅಂತ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡೆ. ನಾಲ್ಕು ದಿನ ಆಯಿತು. ಇದಕ್ಕೂ ಆಕ್ಸಿಜನ್ ಕೊಡುತ್ತಾರಂತೆ, ಹೌದಾ?
– ಓದುಗರೊಬ್ಬರು, ವಿಜಯಪುರ

ನಿಮ್ಮ ಪತ್ರ ಓದಿದ ಕೂಡಲೇ ಸಂಪಾದಕರಿಗೆ ಹೇಳಿ ನಿಮಗೆ ಫೋನ್ ಮಾಡಿಸಿದ್ದೇನೆ, ಇಲ್ಲಿ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲ. ಉಳಿದವರಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ಗುಗ್ಗೆ ಇರಬಹುದು, ನೆಗಡಿ ಇರಬಹುದು. ಆದರೆ ಒಳಗಿವಿಯ ನರಕ್ಕೆ ಪೆಟ್ಟು ಬಿದ್ದಿದ್ದರೆ ಅದು ತುರ್ತು. ಅದೇ ದಿನ ಕಿವಿ ಡಾಕ್ಟರ ಹತ್ತಿರ ಹೋಗಿ, ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಗ್ರಾಮ್ ಮಾಡಿಸಬೇಕು. ಮುಖ್ಯ ಔಷಧಿ ಸ್ಟೀರಾಯ್ಡ್. ಅದರ ಜೊತೆಗೆ ಚೇಂಬರ್ ಸೇರಿಸಿದರೆ ಕೆಲವರಿಗೆ ಕಿವಿ ಹೆಚ್ಚು ಮರಳುತ್ತದೆ, ಮೊದಲ ಎರಡು ವಾರದಲ್ಲಿ ಶುರು ಮಾಡಿದರೆ ಮಾತ್ರ ಹೆಚ್ಚು ಆಸೆ. 2011ರಲ್ಲಿ ಈ ಚಿಕಿತ್ಸೆಯ ಅಮೆರಿಕದ ವೈದ್ಯರ ಸಂಘ (ಯುಎಚ್ಎಂಎಸ್) ಇದನ್ನು ಚೇಂಬರ್ ಚಿಕಿತ್ಸೆಯ ಅಂಗೀಕೃತ ಪಟ್ಟಿಗೆ ಸೇರಿಸಿದೆ. ವಿಚಿತ್ರ ನೋಡಿ, ಶುಗರ್ ಗಾಯದವರು ಮೊದಲೇ ಚೇಂಬರಿಗೆ ಓಡುತ್ತಾರೆ, ಕಿವಿಯವರು ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆದು ಬರುತ್ತಾರೆ. ತಿರುಗಾಮುರುಗಾ ಆಗಿದೆ.

ನಮ್ಮ ಅವ್ವನಿಗೆ ಕ್ಯಾನ್ಸರ್ ಗುಣವಾಗಿ ಆರು ವರ್ಷ ಆಯಿತು. ಆಗ ಕೊಟ್ಟ ರೇಡಿಯೇಶನ್ನಿನಿಂದ ಈಗ ಮೂತ್ರದಲ್ಲಿ ರಕ್ತ ಬರುತ್ತದೆ, ಅದಕ್ಕೆ ಚೇಂಬರ್ ಹೇಳಿದ್ದಾರೆ. ಅವ್ವ ಲಿಫ್ಟಿನಲ್ಲೇ ಹೆದರುವವಳು. ಒಳಗೆ ಏನಾಗುತ್ತದೆ, ಸ್ವಲ್ಪ ಬಿಡಿಸಿ ಹೇಳಿ.
– ಓದುಗರೊಬ್ಬರು, ಖಾನಾಪುರ

ಮೊದಲು ಸಮಾಧಾನದ ಮಾತು. ರೇಡಿಯೇಶನ್ ಕೊಟ್ಟು ವರ್ಷಗಳಾದ ಮೇಲೆ ಮೂತ್ರಕೋಶದಿಂದ ಹೀಗೆ ರಕ್ತ ಬರುವುದು, ದವಡೆ ಮೂಳೆ ಸಾಯುವುದು, ಇವಕ್ಕೆ ಚೇಂಬರ್ ಒಪ್ಪಿತ ಚಿಕಿತ್ಸೆ. ಸರಿಯಾದ ಕಾರಣಕ್ಕೇ ಹೇಳಿದ್ದಾರೆ.

ಚೇಂಬರಿನಲ್ಲಿ ಎರಡು ಬಗೆ. ಒಂದು, ಒಬ್ಬರೇ ಮಲಗುವ ಪಾರದರ್ಶಕ ಕೊಳವೆ. ಇನ್ನೊಂದು, ನಾಲ್ಕಾರು ಜನ ಕೂರುವ ಕೋಣೆ. ಅಲ್ಲಿ ಜೊತೆಗೆ ಒಬ್ಬ ಸಿಬ್ಬಂದಿ ಇರುತ್ತಾರೆ, ಆಕ್ಸಿಜನ್ ಮಾಸ್ಕಿನಲ್ಲಿ ಬರುತ್ತದೆ. ಹೆದರುವವರಿಗೆ ಎರಡನೆಯದು ವಾಸಿ, ಸಿಗುವುದು ಅಪರೂಪ. ನಾನೂ ಒಮ್ಮೆ ಕೊಳವೆಯೊಳಗೆ ಮಲಗಿ ನೋಡಿದ್ದೇನೆ. ಬಾಗಿಲು ಹಾಕಿದ ಮೇಲೆ ಬುಸ್ ಅಂತ ಗಾಳಿ ತುಂಬುವ ಸದ್ದು. ಒಳಗೆ ಬೆಚ್ಚಗಾಗುತ್ತದೆ. ಆಮೇಲೆ ಕಿವಿ. ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದೇ. ಆದರೆ ಘಾಟಿನಲ್ಲಿ ಒತ್ತಡ ಹೆಚ್ಚುವುದು ಚೂರೇ ಚೂರು, ಇಲ್ಲಿ ಎರಡು ಎರಡೂವರೆ ಪಟ್ಟು. ತುಂಬಿದ ಬಾವಿಯಲ್ಲಿ ಸುಮಾರು 34 ಅಡಿ ಆಳಕ್ಕೆ ಮುಳುಗಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಅದಕ್ಕೇ ಈ ಕೆಲಸದವರು ಒಂದು ಸಿಟ್ಟಿಂಗಿಗೆ 'ಡೈವ್' ಅನ್ನುತ್ತಾರೆ.

ಅವ್ವನಿಗೆ ಮನೆಯಲ್ಲೇ ಕಲಿಸಿ. ಉಗುಳು ನುಂಗುವುದು, ಆಕಳಿಸುವುದು, ಮೂಗು ಹಿಡಿದು ಮೆಲ್ಲಗೆ ಊದುವುದು. ನೋವು ಬರುವ ಮುಂಚೆಯೇ ಇದನ್ನು ಮಾಡುತ್ತಿರಬೇಕು. ಕಿವಿ ತೆರೆಯದಿದ್ದರೆ ಕೈ ಎತ್ತಬೇಕು, ಹೊರಗಿನವರು ಅಲ್ಲೇ ನಿಲ್ಲಿಸುತ್ತಾರೆ. ಮರ್ಯಾದೆಗೆ ಅಂಜಿ ಹಲ್ಲು ಕಚ್ಚಿ ತಡೆದುಕೊಳ್ಳುವ ಹೆಂಗಸರೇ ನಮ್ಮಲ್ಲಿ ಜಾಸ್ತಿ, ಕಿವಿ ಪರದೆಗೆ ಪೆಟ್ಟಾಗುವುದು ಆಗಲೇ. ಈ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಕಾಣುವ ತೊಂದರೆಯೇ ಇದು. ನೆಗಡಿ ಇದ್ದ ದಿನ ಹೋಗಲೇಬಾರದು.

ಅರ್ಧ ತಾಸಿಗೊಮ್ಮೆ ಐದು ನಿಮಿಷ ಸಾದಾ ಗಾಳಿ ಕೊಡುತ್ತಾರೆ, ಆಕ್ಸಿಜನ್ ಅತಿಯಾಗಿ ಫಿಟ್ಸ್ ಬರದಿರಲಿ ಅಂತ. ಸಾವಿರಾರು ಸಿಟ್ಟಿಂಗಿಗೆ ಒಮ್ಮೆ ಹಾಗಾಗುತ್ತದೆ, ಆಕ್ಸಿಜನ್ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಒಂದು ಮಾತು ಮುಂಚೆಯೇ ಹೇಳಿಬಿಡಿ, ಬಾಗಿಲನ್ನು ತಟ್ಟನೆ ತೆರೆಯಲು ಆಗುವುದಿಲ್ಲ. ಒತ್ತಡ ಇಳಿಸಲು ಕೆಲವು ನಿಮಿಷ ಬೇಕು. ಬಾತ್‌ರೂಮಿಗೆ ಹೋಗಿಯೇ ಒಳಗೆ ಹೋಗಲಿ.

ದಿನಾ ಇಳಕಲ್ ಸೀರೆಯೇ ಉಡುವವಳು ನಾನು. ಅದನ್ನೂ ಬಿಡಿಸಿ, ಹಚ್ಚಿದ ಎಣ್ಣೆ ತೊಳೆದು ಬಾ ಅಂತಾರೆ. ಇಷ್ಟೊಂದು ಮಡಿ ಯಾಕೆ?
– ಓದುಗರೊಬ್ಬರು, ಹುನಗುಂದ

ಮಡಿಯಲ್ಲ ಅಕ್ಕಾರೇ, ಬೆಂಕಿಯ ಭಯ. ನಮ್ಮ ಸುತ್ತಲಿನ ಗಾಳಿಯಲ್ಲಿ ಆಕ್ಸಿಜನ್ 21 ಪಾಲು. ಕೊಳವೆಯೊಳಗೆ ನೂರರ ಹತ್ತಿರ, ಅದೂ ಒತ್ತಡದಲ್ಲಿ. ಅಲ್ಲಿ ಒಂದು ಕಿಡಿ ಹಾರಿದರೆ ಆರಿಸಲು ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಇಳಕಲ್ ಸೀರೆಯ ಸೆರಗು ರೇಷ್ಮೆ, ರೇಷ್ಮೆ ಮತ್ತು ನೈಲಾನ್ ಉಜ್ಜಿದರೆ ಕಿಡಿ ಹುಟ್ಟುತ್ತದೆ. ತಲೆ ಎಣ್ಣೆ, ವ್ಯಾಸಲೀನ್, ಪೌಡರ್, ಸ್ಪ್ರೇ, ಇವೆಲ್ಲ ಉರುವಲು. ಅವರು ಕೊಟ್ಟ ಹತ್ತಿ ಗೌನು ಹಾಕಿಕೊಳ್ಳಿ. ಮೊಬೈಲು, ವಾಚು, ಕಿವಿ ಮಷೀನು, ಬೆಂಕಿಪೆಟ್ಟಿಗೆ, ಬ್ಯಾಟರಿಯ ಯಾವುದೂ ಒಳಗೆ ಹೋಗಬಾರದು. ಮುಂಗೈಗೆ ನೆಲದ ತಂತಿಗೆ ಸೇರುವ ಪಟ್ಟಿ ಕಟ್ಟುತ್ತಾರೆ, ಅದನ್ನು ಕಟ್ಟದೆ ಒಳಗೆ ಬಿಟ್ಟರೆ ಎದ್ದು ಬನ್ನಿ.

2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಒಂದು ಖಾಸಗಿ ಕೇಂದ್ರದ ಚೇಂಬರಿಗೆ ಬೆಂಕಿ ಬಿದ್ದು ಐದು ವರ್ಷದ ಹುಡುಗ ಒಳಗೇ ತೀರಿಕೊಂಡ. ಪಕ್ಕದಲ್ಲಿದ್ದ ತಾಯಿಗೂ ಸುಟ್ಟಿತು. ಕೇಂದ್ರದವರ ಮೇಲೆ ಕ್ರಿಮಿನಲ್ ಕೇಸಾಯಿತು. ಆ ಮಗುವನ್ನು ಅಲ್ಲಿಗೆ ಕರೆತಂದಿದ್ದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಮತ್ತು ಒಂದೆಡೆ ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಗೆ. ಎರಡಕ್ಕೂ ಚೇಂಬರ್ ಒಪ್ಪಿತ ಚಿಕಿತ್ಸೆಯೇ ಅಲ್ಲ. ಮುಂದಿನ ಪತ್ರಕ್ಕೆ ಇದೇ ಉತ್ತರದ ಅರ್ಧ.

ನಮ್ಮ ಮಗನಿಗೆ ಆಟಿಸಂ. ಗಾಳಿ ತುಂಬುವ ಟೆಂಟಿನಂಥ ಚೇಂಬರಿನಲ್ಲಿ 40 ಸಿಟ್ಟಿಂಗ್ ಮಾಡಿಸಿದರೆ ಮಾತು ಬರುತ್ತದೆ ಅಂತಾರೆ. ಅದೇ ಕಡೆ ಮುಖದ ಹೊಳಪಿಗೂ, ವಯಸ್ಸು ತಡೆಯಲೂ ಕೊಡುತ್ತಾರಂತೆ.
– ಓದುಗರೊಬ್ಬರು, ಬಾಗಲಕೋಟೆ

ಒಂದೇ ಅಂಗಡಿಯಲ್ಲಿ ಆಟಿಸಮ್ಮಿಗೂ ಮುಖದ ಹೊಳಪಿಗೂ ಒಂದೇ ಮದ್ದು ಸಿಗುತ್ತದೆ ಅಂದಾಗಲೇ ಚಪ್ಪಲಿ ಮೆಟ್ಟಿ ಹೊರಡಬೇಕು. ಮಗುವಿನ ತಾಯಿ-ತಂದೆಗೆ ಇದು ಕಟುವಾಗಿ ಕೇಳಿಸುತ್ತದೆ ಅಂತ ಗೊತ್ತು. ಆಸೆ ಇಟ್ಟುಕೊಂಡವರ ತಪ್ಪಲ್ಲ ಅದು, ಆಸೆ ಮಾರುವವರದ್ದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಜನರಿಗೆ ಎಚ್ಚರಿಸಿತು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ಸ್, ಇವಕ್ಕೆಲ್ಲ ಚೇಂಬರ್ ಕೆಲಸ ಮಾಡುತ್ತದೆ ಅನ್ನಲು ಆಧಾರ ಇಲ್ಲ ಅಂತ. ಇನ್ನು ಆ ಟೆಂಟು. ಅದರಲ್ಲಿ ಒತ್ತಡ ಬರೀ 1.3 ಪಟ್ಟು. ಆಸ್ಪತ್ರೆಯ ಗಟ್ಟಿ ಚೇಂಬರಿನ ಫಲಿತಾಂಶ ತೋರಿಸಿ ಟೆಂಟಿನ ಬಿಲ್ಲು ಕೊಡುತ್ತಾರೆ. ಆ ದುಡ್ಡು ಸ್ಪೀಚ್ ಥೆರಪಿಗೆ ಹಾಕಿ. ನಿಧಾನ, ಆದರೆ ಮಗುವಿಗೆ ಅದರಿಂದ ಏನಾದರೂ ಸಿಗುತ್ತದೆ.

ಡಿಸೆಂಬರ್ ಚಳಿಗೆ ಕೋಣೆಯಲ್ಲಿ ಇದ್ದಿಲು ಶೆಗಡಿ ಇಟ್ಟು ಮಲಗಿದ ನಮ್ಮ ಸಂಬಂಧಿಕರು ಎಚ್ಚರ ತಪ್ಪಿದ್ದರು. ಬೆರಳಿಗೆ ಹಾಕುವ ಮಷೀನಿನಲ್ಲಿ ಆಕ್ಸಿಜನ್ 98 ತೋರಿಸಿತು. ಆದರೂ ಆಕ್ಸಿಜನ್ ಕೊಟ್ಟರು, ಚೇಂಬರ್ ಮಾತೂ ಬಂತು. ಯಾಕೆ?
– ಓದುಗರೊಬ್ಬರು, ಬೆಳಗಾವಿ

ಆ ಮಷೀನು ಅಲ್ಲಿ ಸುಳ್ಳು ಹೇಳುತ್ತದೆ. ಇದ್ದಿಲ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನ ಸೀಟು ಹಿಡಿದು ಕೂತರೂ ಮಷೀನಿಗೆ ಅದು ಆಕ್ಸಿಜನ್ನಿನ ಹಾಗೇ ಕಾಣುತ್ತದೆ. ಸರಿಯಾಗಿ ತಿಳಿಯಲು ರಕ್ತದ ಬೇರೆ ಪರೀಕ್ಷೆ ಬೇಕು. ಸಾದಾ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು. ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದು ಒಂದೂವರೆ ತಾಸು. ಮೂರು ಪಟ್ಟು ಒತ್ತಡದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಎಚ್ಚರ ತಪ್ಪಿದವರಿಗೆ, ಬಸುರಿಯರಿಗೆ, ಎದೆನೋವು ಬಂದವರಿಗೆ ಚೇಂಬರ್ ಯೋಚಿಸುವುದು ಅದಕ್ಕೇ. ಆದರೆ ಚೇಂಬರ್ ಹುಡುಕುತ್ತಾ ಮಾಸ್ಕ್ ತಡ ಮಾಡಬಾರದು. ಮೊದಲು ಬಾಗಿಲು ತೆರೆದು ಹೊರಗೆ ಎಳೆಯಿರಿ, 108ಕ್ಕೆ ಫೋನ್ ಮಾಡಿ. ಬಚ್ಚಲಲ್ಲಿರುವ ಗ್ಯಾಸ್ ಗೀಸರ್ ಕೂಡ ಇದೇ ಜಾತಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ರಾತ್ರಿ ಊಟವನ್ನೇ ಬೈಯಬೇಡಿ.

ಶುಗರ್, ಬಿಪಿ ಮಾತ್ರೆ ತೆಗೆದುಕೊಂಡು ಹೋಗಬಹುದಾ? ಬೀಡಿ ಸೇದುತ್ತೇನೆ. ಯಾರು ಹೋಗಲೇಬಾರದು?
– ಓದುಗರೊಬ್ಬರು, ಜಮಖಂಡಿ

ಮಾತ್ರೆ, ಇನ್ಸುಲಿನ್, ಊಟ ಎಲ್ಲ ಎಂದಿನಂತೆ. ಹೊಟ್ಟೆ ಖಾಲಿ ಬೇಡವೇ ಬೇಡ, ಚೇಂಬರಿನಲ್ಲಿ ಶುಗರ್ ಕೆಳಗಿಳಿಯುತ್ತದೆ. ಒಳಗೆ ಹೋಗುವ ಮುಂಚೆ ಬೆರಳು ಚುಚ್ಚಿ ನೋಡಬೇಕು, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು, ಮತ್ತೆ ನೋಡಿ ಹೋಗುವುದು. ಬೀಡಿ ವಿಷಯ ಕೇಳಬಾರದಿತ್ತು, ಕೇಳಿದ್ದೀರಿ. ಎರಡು ತಾಸು ಆಕ್ಸಿಜನ್ ಎಳೆದುಕೊಂಡು ಹೊರಬಂದು ಬೀಡಿ ಹಚ್ಚಿದರೆ ಅದೇ ನಾಳಗಳು ಮತ್ತೆ ಮುದುಡಿಕೊಳ್ಳುತ್ತವೆ. ದುಡ್ಡು ನಿಮ್ಮದೇ.

ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ಅದು ಕುಗ್ಗಿದ್ದರೆ, ಅಂದರೆ ನ್ಯೂಮೋಥೊರಾಕ್ಸ್ ಇದ್ದರೆ, ಅದಕ್ಕೆ ಚಿಕಿತ್ಸೆ ಆಗುವವರೆಗೆ ಒಳಗೆ ಹೋಗಲೇಬಾರದು. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ. ಬ್ಲಿಯೋಮೈಸಿನ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ತೆಗೆದುಕೊಂಡಿದ್ದರೆ ಹೇಳಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ವಿಷಯವನ್ನಂತೂ ಮುಚ್ಚಿಡಬೇಡಿ, ಮನೆಯವರು ಗುಟ್ಟಾಗಿ ಊಟದಲ್ಲಿ ಹಾಕುತ್ತಿದ್ದರೆ ಅವರೂ ಬಂದು ಹೇಳಲಿ. ಹೃದಯದ ಪಂಪಿಂಗ್ ಕಡಿಮೆ ಇದ್ದವರು, ಫಿಟ್ಸ್ ಇದ್ದವರು, ದಮ್ಮು ಜಾಸ್ತಿ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಎಲ್ಲರೂ ಮೊದಲೇ ತೋರಿಸಿಕೊಂಡು ಒಪ್ಪಿಗೆ ಪಡೆಯಬೇಕು.

25 ಸಿಟ್ಟಿಂಗ್ ಮುಗಿದವು. ಗಾಯ ವಾಸಿಯಾಗುತ್ತಿದೆ. ಆದರೆ ದೂರದ ಬಸ್ಸಿನ ಬೋರ್ಡು ಮಸುಕು ಕಾಣುತ್ತಿದೆ, ಚಾಳೀಸು ಇಲ್ಲದೆ ಪೇಪರ್ ಮಾತ್ರ ಚೆನ್ನಾಗಿ ಓದುತ್ತಿದ್ದೇನೆ! ಹೊಸ ಕನ್ನಡಕ ಮಾಡಿಸಲೇ?
– ಓದುಗರೊಬ್ಬರು, ಅಥಣಿ

ಬೇಡ. ಚೇಂಬರ್ ಕೋರ್ಸಿನಲ್ಲಿ ಕಣ್ಣಿನ ಮಸೂರ ಸ್ವಲ್ಪ ಬದಲಾಗಿ ತಾತ್ಕಾಲಿಕವಾಗಿ ಸಮೀಪದೃಷ್ಟಿ, ಅಂದರೆ ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು ಕಾಣುವ ದೋಷ ಬರುತ್ತದೆ. ಹೆಚ್ಚಿನವರಿಗೆ ಕೋರ್ಸ್ ಮುಗಿದು ಕೆಲವು ವಾರ, ಎರಡು ಮೂರು ತಿಂಗಳಲ್ಲಿ ಮೊದಲಿನಂತೆ ಆಗುತ್ತದೆ. ಈಗ ಕನ್ನಡಕ ಮಾಡಿಸಿದರೆ ದೀಪಾವಳಿ ಹೊತ್ತಿಗೆ ಅದು ಡ್ರಾಯರ್ ಸೇರುತ್ತದೆ. ಪೊರೆ ಮೊದಲೇ ಇದ್ದರೆ ಮಾತ್ರ ಅದು ಬೇಗ ಬಲಿಯಬಹುದು, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಅಲ್ಲಿಯವರೆಗೆ ಬಸ್ಸಿನ ಬೋರ್ಡನ್ನು ಪಕ್ಕದವರ ಹತ್ತಿರ ಓದಿಸಿಕೊಳ್ಳಿ, ಬೈಕು ಓಡಿಸಬೇಡಿ. ಚಾಳೀಸು ಎಸೆಯಬೇಡಿ, ಅದು ಮತ್ತೆ ಬೇಕಾಗುತ್ತದೆ.